ಕೀಲಿಕೈ ಕಡೆಯುವ ಯಂತ್ರ: ಹಳೆಯದನ್ನು ಕೊಳ್ಳಬಹುದೇ?

ಕೀ ಮಾಡುವ ಅಂಗಡಿಯೊಂದು ಮುಚ್ಚುವಾಗ ಮೊದಲು ಮಾರಾಟಕ್ಕೆ ಬರುವುದು ಮೇಜಿನ ಮೇಲಿನ ಡೂಪ್ಲಿಕೇಟ್ ಯಂತ್ರ. ಅಂಗಡಿಯವರಿಗೆ ವಯಸ್ಸಾಗಿರುತ್ತದೆ, ಮಕ್ಕಳು ಬೇರೆ ಕೆಲಸ ಹಿಡಿದಿರುತ್ತಾರೆ. ಇಲ್ಲವೇ ಕಾರಿನ ಕೀ ಕಡೆಯಲು ಕಂಪ್ಯೂಟರ್ ಯಂತ್ರ ಬಂದು ಹಳೆಯದು ಮೂಲೆ ಸೇರಿರುತ್ತದೆ. ಬೆಂಗಳೂರಿನಲ್ಲಾದರೆ ಎಸ್.ಜೆ.ಪಿ. ರಸ್ತೆಯ ಉಪಕರಣದ ಅಂಗಡಿಗಳಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಹಳೆಯ ಡ್ರಿಲ್ಲು, ಮೋಟಾರುಗಳ ನಡುವೆ ಇಂಥದೊಂದು ಕಂಡರೂ ಆಶ್ಚರ್ಯವಿಲ್ಲ. ತಾಲ್ಲೂಕು ಊರಿನ ಹಾರ್ಡ್‌ವೇರ್ ಅಂಗಡಿಯವರು, ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಇನ್ನೊಂದು ಆದಾಯ ಹುಡುಕುತ್ತಿರುವ ಹುಡುಗರು, ಚಪ್ಪಲಿ ರಿಪೇರಿಯ ಜೊತೆಗೇ ಬೀಗದ ಕೆಲಸ ಕಲಿತವರು ಇಂಥ ಯಂತ್ರದ ಮುಂದೆ ನಿಂತು ಯೋಚಿಸುತ್ತಾರೆ. ಹೊಸದರ ಅರ್ಧ ಬೆಲೆಗೆ ಸಿಗುತ್ತಿದೆ, ತೆಗೆದುಕೊಳ್ಳಲೇ?

ಇದಕ್ಕೆ ಉತ್ತರ ಕಬ್ಬಿಣದಲ್ಲಷ್ಟೇ ಇಲ್ಲ. ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಮೊದಲು ಸ್ಪಷ್ಟವಾಗಬೇಕು.

ಇಂದು ನಮ್ಮ ಮನೆಬಾಗಿಲುಗಳಲ್ಲಿರುವ ಬಹುಪಾಲು ಸಿಲಿಂಡರ್ ಬೀಗಗಳು ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಸಂತತಿ. ಪಿನ್ ಇರುವ ಮರದ ಬೀಗಗಳು ಪ್ರಾಚೀನ ಈಜಿಪ್ಟಿನಲ್ಲೇ ಇದ್ದವು. ಯೇಲ್ ಅದೇ ತತ್ವವನ್ನು ಬೆರಳಗಾತ್ರದ ಲೋಹದ ಸಿಲಿಂಡರಿನೊಳಗೆ ಅಡಗಿಸಿ, ಅದಕ್ಕೊಂದು ಚಪ್ಪಟೆ ಕೀ ಕೊಟ್ಟರು. ಸಿಲಿಂಡರಿನೊಳಗೆ ಸಾಮಾನ್ಯವಾಗಿ ಐದೋ ಆರೋ ಜೋಡಿ ಪಿನ್ನುಗಳು, ಒಂದೊಂದರ ಮೇಲೂ ಒಂದು ಸಣ್ಣ ಸ್ಪ್ರಿಂಗ್. ಕೀಯ ಹಲ್ಲುಗಳು ಪ್ರತಿ ಜೋಡಿಯನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಜೋಡಿಯ ಪಿನ್ನುಗಳು ಸೇರುವ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ಸಿಲಿಂಡರ್ ತಿರುಗುತ್ತದೆ. ಒಂದು ಪಿನ್ ಮೇಲೋ ಕೆಳಗೋ ಉಳಿದರೂ ಬಾಗಿಲು ತೆರೆಯದು.

ಎಷ್ಟು ಮೇಲೆ, ಎಷ್ಟು ಕೆಳಗೆ? ಅಮೆರಿಕದ ಶ್ಲೇಗ್ ಬೀಗಗಳಲ್ಲಿ ಒಂದು ಆಳಕ್ಕೂ ಮುಂದಿನ ಆಳಕ್ಕೂ ಇರುವ ಅಂತರ ಒಂದು ಇಂಚಿನ ಸಾವಿರದಲ್ಲಿ 15 ಭಾಗ, ಎಂದರೆ ಸುಮಾರು 0.38 ಮಿ.ಮೀ. ಕ್ವಿಕ್‌ಸೆಟ್ ಬೀಗಗಳಲ್ಲಿ 23 ಭಾಗ, ಸುಮಾರು 0.58 ಮಿ.ಮೀ. ಬೀಗ ಸಲೀಸಾಗಿ ತಿರುಗಬೇಕಾದರೆ ಹಲ್ಲಿನ ಆಳದ ತಪ್ಪು ಈ ಅಂತರದ ಸಣ್ಣ ಪಾಲಿನೊಳಗೇ ಇರಬೇಕು. ಕೀ ಮಾಡುವವರ ಕೌಶಲವೆಲ್ಲ ಕೂದಲೆಳೆಯ ದಪ್ಪದ ಈ ಜಾಗದಲ್ಲಿದೆ. ರಸ್ತೆಬದಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವ ಕೆಲಸವೆಂದು ನಾವು ಅದನ್ನು ಹಗುರವಾಗಿ ಕಾಣುತ್ತೇವೆ. ಆ ಐದು ನಿಮಿಷದಲ್ಲಿ ನಡೆಯುವುದು ಫಿಟ್ಟರ್ ಒಬ್ಬ ಕಾರ್ಖಾನೆಯಲ್ಲಿ ಅಳತೆಪಟ್ಟಿ ಹಿಡಿದು ಮಾಡುವಷ್ಟೇ ಸೂಕ್ಷ್ಮವಾದ ಕೆಲಸ.

ಡೂಪ್ಲಿಕೇಟ್ ಯಂತ್ರದಲ್ಲಿ ಎರಡು ವೈಸ್‌ಗಳಿರುತ್ತವೆ. ಒಂದರಲ್ಲಿ ಮೂಲ ಕೀ, ಇನ್ನೊಂದರಲ್ಲಿ ಹಲ್ಲಿಲ್ಲದ ಬ್ಲ್ಯಾಂಕ್. ಎರಡೂ ಒಂದೇ ಜಾರುಬಂಡಿಯ ಮೇಲೆ ಕೂತಿರುತ್ತವೆ. ಮೂಲ ಕೀಯ ಎದುರು ಅಲುಗಾಡದ ಒಂದು ಟ್ರೇಸರ್ ಮೊನೆ, ಬ್ಲ್ಯಾಂಕಿನ ಎದುರು ತಿರುಗುವ ಕಟರ್ ಚಕ್ರ. ಟ್ರೇಸರ್ ಹಲ್ಲಿನ ಏರಿಳಿತವನ್ನು ಸವರಿಕೊಂಡು ಹೋದಂತೆ ಕಟರ್ ಅದೇ ಏರಿಳಿತವನ್ನು ಬ್ಲ್ಯಾಂಕಿನಲ್ಲಿ ಕಡೆಯುತ್ತದೆ. ಅಕ್ಷರ ಬಾರದ ಮಗು ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ತಿದ್ದುವ ಹಾಗೆ. ಮೇಷ್ಟ್ರ ಕೈ ನಡುಗಿದ್ದರೆ ಮಗುವಿನ ಅಕ್ಷರವೂ ನಡುಗುತ್ತದೆ. ಹತ್ತು ವರ್ಷ ಸವೆದ ಕೀಯನ್ನು ಕೊಟ್ಟರೆ ಯಂತ್ರ ಆ ಸವಕಳಿಯನ್ನೇ ನಿಷ್ಠೆಯಿಂದ ನಕಲು ಮಾಡಿ, ತನ್ನದೊಂದಿಷ್ಟು ತಪ್ಪನ್ನೂ ಸೇರಿಸುತ್ತದೆ. ಆ ನಕಲಿನಿಂದ ಮತ್ತೊಂದು, ಅದರಿಂದ ಮಗದೊಂದು ಮಾಡಿಸುತ್ತಾ ಹೋದರೆ ಕೊನೆಗೆ ಬೀಗದೊಳಗೆ ಹೋಗಿ ತಿರುಗದೆ ನಿಲ್ಲುವ ಕೀ ಕೈಗೆ ಬರುತ್ತದೆ.

ಆದ್ದರಿಂದಲೇ ನನ್ನ ಮೊದಲ ಮಾತು: ಅರ ಹಿಡಿಯಲು ಬಾರದವರು ಯಂತ್ರ ಕೊಳ್ಳುವುದನ್ನು ಸ್ವಲ್ಪ ಮುಂದೂಡಬೇಕು. ಹಳೆಯದಾಗಲಿ ಹೊಸದಾಗಲಿ.

ಯಂತ್ರವಿಲ್ಲದೆ, ಮೂಲ ಕೀಯೂ ಇಲ್ಲದೆ ಬೀಗಕ್ಕೆ ಕೀ ಮಾಡುವ ವಿದ್ಯೆ ನಮ್ಮ ಬೀದಿಗಳಲ್ಲಿ ಇನ್ನೂ ಜೀವಂತವಾಗಿದೆ. ಬ್ಲ್ಯಾಂಕಿನ ಅಂಚನ್ನು ನುಣುಪಾಗಿ ಉಜ್ಜಿ ಬೀಗದೊಳಗೆ ಹಾಕುತ್ತಾರೆ. ಬಿಗಿಯಾಗಿ ತಿರುಗಿಸಿ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾರೆ. ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದರೆ ಪಿನ್ನು ಒತ್ತಿದ ಕಡೆ ಸೂಜಿಮೊನೆಯಷ್ಟು ಗುರುತು ಕಾಣುತ್ತದೆ. ಅಲ್ಲಿ ಅರದಿಂದ ಎರಡೇ ಎರಡು ಎಳೆತ, ಮತ್ತೆ ಒಳಗೆ. ಗುರುತು ಬೀಳುವುದು ನಿಂತ ಜಾಗದಲ್ಲಿ ಆಳ ಸರಿಯಾಗಿದೆ ಎಂದರ್ಥ, ಅಲ್ಲಿ ಇನ್ನು ಅರ ಮುಟ್ಟಿಸಬಾರದು. ಪಿನ್ನಿನ ಬದಲು ಲೋಹದ ಪಟ್ಟಿಗಳಿರುವ ಲಿವರ್ ಬೀಗಗಳಿಗೆ ಬ್ಲ್ಯಾಂಕನ್ನು ದೀಪದ ಮಸಿಗೆ ಹಿಡಿದು ಕಪ್ಪಾಗಿಸಿಕೊಳ್ಳುವವರಿದ್ದಾರೆ. ಲಿವರ್ ತಾಗಿದಲ್ಲಿ ಮಸಿ ಅಳಿಸಿರುತ್ತದೆ. ಕತ್ತಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದೇ ಕುಲಕಸುಬಾಗಿದ್ದ ಸಿಕಲಿಗಾರ ಸಮುದಾಯದ ಅನೇಕರು ಕತ್ತಿಯ ಕಾಲ ಮುಗಿದ ಮೇಲೆ ಬೀಗ, ಕೀಗಳ ರಿಪೇರಿಗೆ ಬಂದರು. ಲೋಹವನ್ನು ಕಣ್ಣಳತೆಯಲ್ಲೇ ಕೂದಲೆಳೆಯಷ್ಟು ತೆಗೆಯುವ ಕೈಗುಣ ಅವರೊಂದಿಗೇ ಬಂತು. ಈ ಜನರನ್ನು ಅನುಮಾನದಿಂದ ನೋಡುವ ಹಳೆಯ ಚಾಳಿ ನಮ್ಮಲ್ಲಿದೆ. ಅವರ ಕೆಲಸವನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿದವರಿಗೆ ಗೌರವವಲ್ಲದೆ ಬೇರೆ ಭಾವ ಬರಲಾರದು.

ಕೈಕೆಲಸದ ಇನ್ನೊಂದು ದೊಡ್ಡ ನೆಲೆ ತಮಿಳುನಾಡಿನ ದಿಂಡಿಗಲ್. ಮಾವಿನಕಾಯಿ ಆಕಾರದ ಬೀಗ, ಕೀ ತಿರುಗಿಸಿದರೆ ಗಂಟೆ ಬಾರಿಸುವ ಬೀಗ ಎಲ್ಲವನ್ನೂ ಅಲ್ಲಿನ ಕುಶಲಕರ್ಮಿಗಳು ಕೈಯಲ್ಲೇ ಮಾಡುತ್ತಾರೆ. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅತ್ತ ಉತ್ತರ ಪ್ರದೇಶದ ಅಲಿಗಢ ಬೀಗದ ದೊಡ್ಡ ಪೇಟೆ. 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬೈನಲ್ಲಿ ಶುರುಮಾಡಿದ ಬೀಗದ ಕಾರ್ಖಾನೆಯ ಹೆಸರು ಈಗ ಪ್ರತಿ ಮನೆಯಲ್ಲೂ ಇದೆ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ನಿಮ್ಮ ಊರಿಗೆ ಯಾವ ಯಂತ್ರ ಬೇಕೆಂಬುದು ನಿಮ್ಮ ಊರಿನ ಬಾಗಿಲುಗಳಲ್ಲಿ ಯಾವ ಬೀಗಗಳಿವೆ ಎಂಬುದರ ಮೇಲೆ ನಿಂತಿದೆ. ಸಿಲಿಂಡರ್ ಕೀ ಕಡೆಯುವ ಯಂತ್ರದ ಕಟರಿಗೆ ಓರೆ ಅಂಚು. ಲಿವರ್ ಬೀಗದ ಕೀಗೆ ಚೌಕಾಕಾರದ ಸಂದು ಕೊರೆಯುವ ತೆಳು ಕಟರ್, ಬೇರೆ ಬಗೆಯ ಹಿಡಿತ ಬೇಕು. ಹಳೆಯ ಮನೆಗಳು, ಗೋದಾಮುಗಳು, ರೋಲಿಂಗ್ ಶಟರ್‌ಗಳೇ ಹೆಚ್ಚಿರುವ ಊರಿನಲ್ಲಿ ಸಿಲಿಂಡರ್ ಯಂತ್ರವೊಂದನ್ನೇ ನಂಬಿ ಕೂತರೆ ಬಂದ ಗಿರಾಕಿಗಳಲ್ಲಿ ಅರ್ಧ ಜನ ವಾಪಸು ಹೋಗುತ್ತಾರೆ.

ಕಾರಿನ ಕೀಯಂತೂ ಬೇರೆಯದೇ ಲೋಕ. ಯೂರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು. ನಮ್ಮಲ್ಲೂ ಅದು ಮಾಮೂಲಾಗಿದೆ. ಕೀಯ ಹಿಡಿಯೊಳಗಿನ ಚಿಪ್ ಸರಿಯಾದ ಸಂಕೇತ ಕೊಡದಿದ್ದರೆ ಕೀ ತಿರುಗಿದರೂ ಎಂಜಿನ್ ಹತ್ತದು. ಇತ್ತೀಚಿನ ಕಾರುಗಳ ಕೀಯಲ್ಲಿ ಹಲ್ಲು ಅಂಚಿನಲ್ಲಿರದೆ ಪಕ್ಕದ ಮೈಯಲ್ಲಿ ಹಾವಿನಂಥ ಕಾಲುವೆಯಾಗಿ ಕೊರೆದಿರುತ್ತದೆ. ಅದಕ್ಕೆ ಮೇಲಿನಿಂದ ಇಳಿಯುವ ಎಂಡ್ ಮಿಲ್ ಬೇಕು, ಚಕ್ರದ ಕಟರ್ ಕೆಲಸಕ್ಕೆ ಬಾರದು. ಕಾರಿನ ಕೀ ಕನಸು ಇಟ್ಟುಕೊಂಡು ಹಳೆಯ ಸಿಲಿಂಡರ್ ಯಂತ್ರ ಕೊಳ್ಳುವುದು ಹಣ ಕಳೆದುಕೊಳ್ಳುವ ದಾರಿ. ಮನೆ, ಬೀರು, ಸ್ಕೂಟರ್, ಸೈಕಲ್, ಅಂಗಡಿಯ ನೇತುಬೀಗ: ಹಳೆಯ ಯಂತ್ರಕ್ಕೆ ಹೊಟ್ಟೆ ತುಂಬ ಕೆಲಸ ಕೊಡುವವು ಇವು.

ಈಗ ಯಂತ್ರದ ಮುಂದೆ ನಿಲ್ಲೋಣ. ಬಣ್ಣ ಹೋಗಿದೆಯೇ, ಮೈಮೇಲೆ ಹಿತ್ತಾಳೆ ಪುಡಿ ಅಂಟಿದೆಯೇ ಎಂದು ನೋಡಬೇಡಿ. ಚೆನ್ನಾಗಿ ಒರೆಸಿ ಹೊಸ ಬಣ್ಣ ಹೊಡೆದ ಯಂತ್ರವೇ ನನಗೆ ಹೆಚ್ಚು ಅನುಮಾನ ತರಿಸುತ್ತದೆ. ಪ್ಲಗ್ ತೆಗೆದು ಜಾರುಬಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಕೆಳಕ್ಕೆ, ಎಡಕ್ಕೆ ಬಲಕ್ಕೆ ಅಲುಗಿಸಿ. ಜಾರಬೇಕಾದ, ಕಟರಿನತ್ತ ಚಲಿಸಬೇಕಾದ ದಿಕ್ಕುಗಳನ್ನು ಬಿಟ್ಟು ಬೇರೆ ಯಾವ ದಿಕ್ಕಿಗೂ ಅದು ಕದಲಬಾರದು. ಕದಲಿದರೆ ಸವೆದಿರುವುದು ಯಂತ್ರದ ಬೆನ್ನುಮೂಳೆಯೇ. ಅದನ್ನು ಸರಿಮಾಡುವ ಖರ್ಚು ಉಳಿಸಿದ ಹಣವನ್ನು ನುಂಗುತ್ತದೆ. ಕಟರ್ ಚಕ್ರವನ್ನು ಬೆರಳಿನಿಂದ ಹಿಡಿದು ಹಿಂದೆ ಮುಂದೆ ಆಡಿಸಿ. ಟಕಟಕ ಎಂದರೆ ಬೇರಿಂಗ್ ಹೋಗಿದೆ. ಇದು ಅಷ್ಟು ದೊಡ್ಡ ರೋಗವಲ್ಲ, ಸಾಮಾನ್ಯ ಅಳತೆಯ ಬೇರಿಂಗ್ ಆದರೆ ಬದಲಿಸಬಹುದು.

ಮುಂದಿನದು ನಿಜವಾದ ಪರೀಕ್ಷೆ. ಒಂದೇ ನಮೂನೆಯ ಎರಡು ಹೊಸ ಬ್ಲ್ಯಾಂಕುಗಳನ್ನು ಎರಡು ವೈಸ್‌ಗಳಲ್ಲಿ ಹಿಡಿಸಿ. ಟ್ರೇಸರನ್ನು ಒಂದಕ್ಕೆ ತಾಗಿಸಿ, ಕಟರನ್ನು ಕೈಯಿಂದಲೇ ನಿಧಾನ ತಿರುಗಿಸಿ. ಅದು ಇನ್ನೊಂದು ಬ್ಲ್ಯಾಂಕಿನ ಅಂಚನ್ನು ಸವರಿಯೂ ಸವರದಂತೆ ಮುಟ್ಟಬೇಕು. ಆಳವಾಗಿ ಕಚ್ಚಿದರೆ, ಇಲ್ಲವೇ ಮುಟ್ಟದೇ ಹೋದರೆ ಗಾಬರಿ ಬೇಡ. ಟ್ರೇಸರಿನ ತಿರುಪು ಹೊಂದಿಸಿದರೆ ಸರಿಹೋಗುತ್ತದೆ. ಕಟರನ್ನು ಸಾಣೆಗೆ ಕೊಟ್ಟಾಗಲೆಲ್ಲ ಅದರ ಸುತ್ತಳತೆ ಕುಗ್ಗುವುದರಿಂದ ಈ ಹೊಂದಾಣಿಕೆ ಯಂತ್ರವಿರುವ ತನಕ ಮಾಡುತ್ತಲೇ ಇರಬೇಕಾದದ್ದು. ಆದರೆ ಬ್ಲ್ಯಾಂಕಿನ ಹಿಡಿಯ ಬಳಿ ಮುಟ್ಟಿ, ತುದಿಯ ಬಳಿ ಮುಟ್ಟದಿದ್ದರೆ ವಿಷಯ ಬೇರೆ. ಆಗ ವೈಸ್ ಓರೆಯಾಗಿದೆ, ಅಥವಾ ಅದರ ದವಡೆ ಸವೆದು ಕೀ ವಾಲುತ್ತಿದೆ. ಆ ತಪ್ಪನ್ನು ಯಾವ ತಿರುಪೂ ತಿದ್ದಲಾರದು. ದವಡೆಗಳನ್ನು ಬಿಚ್ಚಿ ನೋಡಿ. ಅನೇಕ ಯಂತ್ರಗಳಲ್ಲಿ ದವಡೆಯನ್ನು ತಿರುಗಿಸಿ ಬೇರೆ ಬೇರೆ ನಮೂನೆಯ ಕೀ ಹಿಡಿಸುವ ವ್ಯವಸ್ಥೆ ಇರುತ್ತದೆ. ದಿನವೂ ಬಳಸಿದ ಮುಖ ದುಂಡಾಗಿ, ಬಳಸದ ಮುಖಗಳು ಚೂಪಾಗಿಯೇ ಉಳಿದಿರುವುದು ಸಾಮಾನ್ಯ. ಹೊಸ ದವಡೆ ಸಿಗುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ವಿಚಾರಿಸಿ.

ಆಮೇಲೆ ನಕಲಿನ ಸರಪಳಿ. ಮೂಲ ಕೀಯಿಂದ ಒಂದು ನಕಲು, ಆ ನಕಲಿನಿಂದ ಎರಡನೆಯದು, ಹೀಗೆ ಐದರವರೆಗೆ. ಐದನೆಯದನ್ನೂ ಮೂಲವನ್ನೂ ಡಿಜಿಟಲ್ ಕ್ಯಾಲಿಪರಿನಲ್ಲಿ ಅಳೆಯಿರಿ. ಪ್ರತಿ ಸಲ 0.03 ಮಿ.ಮೀ. ತಪ್ಪುವ ಯಂತ್ರ ಒಂದು ನಕಲಿನಲ್ಲಿ ಸಿಕ್ಕಿಬೀಳದು. ಐದರ ಹೊತ್ತಿಗೆ ಅದೇ ತಪ್ಪು ಒಂದೇ ದಿಕ್ಕಿಗೆ ಕೂಡಿ 0.15 ಮಿ.ಮೀ. ಆಗಿ ಕಣ್ಣಿಗೆ ಕಾಣುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಐದು ಬ್ಲ್ಯಾಂಕುಗಳ ದುಡ್ಡನ್ನು ನೀವೇ ಕೊಡಿ. ಅಷ್ಟಕ್ಕೂ ಒಪ್ಪದಿದ್ದರೆ ಯಂತ್ರ ಬಿಟ್ಟು ಬನ್ನಿ.

ಕಟರ್ ಮೊಂಡಾಗಿದ್ದರೆ ಯಂತ್ರ ಕಿರುಚುತ್ತದೆ, ಕೀಯ ಅಂಚಿನಲ್ಲಿ ಲೋಹದ ದಪ್ಪ ಸಿಬಿರು ಏಳುತ್ತದೆ, ಲೋಹ ಕೈಸುಡುವಷ್ಟು ಬಿಸಿಯಾಗುತ್ತದೆ. ಇದು ಚೌಕಾಸಿಗೆ ಒಳ್ಳೆಯ ಕಾರಣ, ಬಿಟ್ಟುಬರಲು ಕಾರಣವಲ್ಲ. ಹೈಸ್ಪೀಡ್ ಸ್ಟೀಲಿನ ಕಟರನ್ನು ಸಾಣೆ ಹಿಡಿಸಬಹುದು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಟೂಲ್ ಗ್ರೈಂಡಿಂಗ್ ಮಾಡುವವರಿದ್ದಾರೆ. ಕಾರ್ಬೈಡ್ ಕಟರ್ ಹೆಚ್ಚು ಬಾಳುತ್ತದೆ, ಏಟು ಬಿದ್ದರೆ ಮಾತ್ರ ಹಲ್ಲು ಮುರಿದುಕೊಳ್ಳುತ್ತದೆ. ನಮ್ಮಲ್ಲಿ ಅಗ್ಗದ ಬೀಗಗಳಿಗೆ ಉಕ್ಕಿನ ಬ್ಲ್ಯಾಂಕುಗಳು ಬಹಳ. ಹಿತ್ತಾಳೆಗಿಂತ ಉಕ್ಕು ಕಟರನ್ನು ಬೇಗ ಸವೆಸುತ್ತದೆ. ಮಾರುವವರು ಹೆಚ್ಚಾಗಿ ಯಾವ ಬ್ಲ್ಯಾಂಕ್ ಕಡೆಯುತ್ತಿದ್ದರು ಎಂದು ಕೇಳಿದರೆ ಯಂತ್ರದ ನಿಜವಾದ ವಯಸ್ಸು ತಿಳಿಯುತ್ತದೆ. ಕರಾವಳಿಯಿಂದ ಬಂದ ಯಂತ್ರವಾದರೆ ಜಾರುವ ಸಲಾಕೆಯ ಮೇಲೆ ತುಕ್ಕಿನ ಗುಳಿಗಳಿವೆಯೇ ಎಂದು ಉಗುರಿನಿಂದ ಸವರಿ ನೋಡಿ.

ಬ್ರ್ಯಾಂಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಇಟಲಿಯ ಸಿಲ್ಕಾ, ಕೀಲೈನ್ ಯಂತ್ರಗಳು ಗಟ್ಟಿ, ಕರಾರುವಾಕ್ಕು. ಎರಡನೆಯ ಕೈಗೆ ಬಂದರೂ ಅವುಗಳ ಜೀವ ಉಳಿದಿರುತ್ತದೆ. ಚೀನಾದ ವೆನ್‌ಶಿಂಗ್, ದೆಫು ಯಂತ್ರಗಳು ಅಷ್ಟು ನಾಜೂಕಲ್ಲ. ಆದರೆ ಅವುಗಳ ಕಟರ್, ಬೆಲ್ಟ್, ದವಡೆ ಸುಲಭವಾಗಿ ದೊರೆಯುತ್ತವೆ. ಹಾವೇರಿಯಲ್ಲೋ ಸಿಂಧನೂರಿನಲ್ಲೋ ಕೂತು ಕೆಲಸ ಮಾಡುವವರಿಗೆ ಮುರಿದ ವಾರದೊಳಗೆ ಬಿಡಿಭಾಗ ಸಿಗುವ ಸಾಧಾರಣ ಯಂತ್ರವೇ ಬಿಡಿಭಾಗ ಸಿಗದ ಉತ್ತಮ ಯಂತ್ರಕ್ಕಿಂತ ಮೇಲು. ಅಮೆರಿಕದಲ್ಲಿರುವ ನೆಂಟರ ಮೂಲಕ ಹಳೆಯ ಯಂತ್ರ ತರಿಸುವ ಆಲೋಚನೆಯಿದ್ದರೆ ಎರಡು ಸಂಗತಿ ಗಮನದಲ್ಲಿರಲಿ. ಅಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿಕೊಂಡರೂ ನಮ್ಮ 50 ಹರ್ಟ್ಸ್‌ನಲ್ಲಿ ಇಂಡಕ್ಷನ್ ಮೋಟಾರು ಆರನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ, ಹೆಚ್ಚು ಬಿಸಿಯೂ ಆಗುತ್ತದೆ. ಇನ್ನೊಂದು, ಎಚ್‌ಪಿಸಿ ಕಂಪನಿಯ ಬ್ಲಿಟ್ಜ್‌ನಂಥ ಕೋಡ್ ಯಂತ್ರಗಳು. ಅವು ನಕಲು ಮಾಡುವುದಿಲ್ಲ. ಬೀಗದ ಕೋಡ್ ಸಂಖ್ಯೆಯಂತೆ ಕಾರ್ಖಾನೆಯ ಮೂಲ ಆಳಕ್ಕೇ ಕಡೆಯುತ್ತವೆ. ಅದ್ಭುತವಾದ ಯಂತ್ರ ನಿಜ. ಆದರೆ ಆಯಾ ಬೀಗಕ್ಕೆ ಸಂಬಂಧಿಸಿದ ಕಾರ್ಡುಗಳಿಲ್ಲದೆ ಅದರಿಂದ ಪ್ರಯೋಜನ ಕಡಿಮೆ.

ಲೆಕ್ಕ ಹಾಕಿ ನೋಡಬೇಕಾದದ್ದೂ ಇದೆ. ಉದಾಹರಣೆಗೆ ಒಂದು ಕೀಗೆ 50 ರೂಪಾಯಿ ತೆಗೆದುಕೊಂಡು, ಬ್ಲ್ಯಾಂಕಿಗೆ 15 ರೂಪಾಯಿ ಹೋದರೆ ಉಳಿಯುವುದು 35. ಹಳೆಯ ಯಂತ್ರಕ್ಕೆ 10,500 ರೂಪಾಯಿ ಕೊಟ್ಟಿದ್ದರೆ 300 ಕೀ ಕಡೆದಾಗ ಅಸಲು ವಾಪಸು. ದಿನಕ್ಕೆ ಮೂರು ಕೀ ಬರುವ ಊರಿನಲ್ಲಿ ಅದು 100 ದಿನ. ಕರೆಂಟು, ಬಾಡಿಗೆ ಬೇರೆ. ಹಾಳಾದ ಕೀ ಒಂದಕ್ಕೆ ನಷ್ಟ 15 ರೂಪಾಯಿಯಷ್ಟೇ ಎನ್ನಿಸಬಹುದು. ಆದರೆ ತಿರುಗದ ಕೀ ಹಿಡಿದು ಹಳ್ಳಿಯಿಂದ ಎರಡನೆಯ ಸಲ ಬಸ್ಸು ಹತ್ತಿ ಬಂದ ಗಿರಾಕಿ ಮೂರನೆಯ ಸಲ ನಿಮ್ಮ ಅಂಗಡಿಗೆ ಬರುವುದಿಲ್ಲ. ಯಂತ್ರದ ಬೆಲೆಯಷ್ಟೇ ಹಣವನ್ನು ಬ್ಲ್ಯಾಂಕುಗಳಿಗೆ ಎತ್ತಿಡಬೇಕು ಎಂದು ಅನೇಕರಿಗೆ ಹೊಳೆಯುವುದೇ ಇಲ್ಲ. ಸರಿಯಾದ ಬ್ಲ್ಯಾಂಕ್ ಇಲ್ಲದಿದ್ದರೆ ಯಂತ್ರ ಸುಮ್ಮನೆ ಕೂತಿರುತ್ತದೆ.

ಹಣದ ದಾರಿಯೊಂದು ಈಗ ಸರ್ಕಾರದಲ್ಲೇ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ ಮಾಡುವವರದೂ ಒಂದು. ಕಮ್ಮಾರ, ಕುಂಬಾರ, ಬಡಗಿ, ದರ್ಜಿಯರ ಸಾಲಿನಲ್ಲಿ ಈ ಕೆಲಸಕ್ಕೂ ಹೆಸರು ಸಿಕ್ಕಿರುವುದು ನನಗೆ ಸಂತೋಷದ ಸಂಗತಿ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ವೋಚರ್, ಅಡಮಾನವಿಲ್ಲದೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಕಸುಬಿನಲ್ಲಿ ಈಗಾಗಲೇ ಇದ್ದವರು ಯಂತ್ರಕ್ಕಾಗಿ ಕೈಸಾಲ ಮಾಡುವ ಮೊದಲು ಇದನ್ನು ವಿಚಾರಿಸಬೇಕು.

ಇಷ್ಟೆಲ್ಲ ನೋಡಿದ ಮೇಲೂ ನನ್ನ ಮನಸ್ಸು ಹಳೆಯ ಯಂತ್ರದ ಕಡೆಗೇ ವಾಲುತ್ತದೆ. ಒಂದು ಷರತ್ತಿನ ಮೇಲೆ: ಅದನ್ನು ಗುಜರಿಯವರಿಂದಲ್ಲ, ಬಳಸಿದವರ ಕೈಯಿಂದಲೇ ಕೊಳ್ಳಬೇಕು. ಹೊಸ ಯಂತ್ರದ ಪೆಟ್ಟಿಗೆಯಲ್ಲಿ ಒಂದು ಕೈಪಿಡಿ ಬರುತ್ತದೆ. ಹಳೆಯದರ ಜೊತೆ ಅದನ್ನು ಇಪ್ಪತ್ತು ವರ್ಷ ನಡೆಸಿದ ಮನುಷ್ಯರೇ ಬರಬಹುದು. ಯಾವ ಕೀಗೆ ದವಡೆಯ ಯಾವ ಮುಖ, ಯಾವ ಬ್ಲ್ಯಾಂಕಿಗೆ ಬೆನ್ನಿಗೊಂದು ತಂತಿ ತುಂಡು ಇಟ್ಟು ಎತ್ತರಿಸಬೇಕು, ಸವೆದ ಮೂಲ ಕೀ ಬಂದಾಗ ಎಷ್ಟು ಆಳ ಬಿಡಬೇಕು, ಕಡೆದ ಮೇಲೆ ಅರದಿಂದ ಎಲ್ಲಿ ಮುಟ್ಟಬೇಕು ಎಂಬುದು ಅವರ ಬೆರಳಿಗೆ ಗೊತ್ತು. ಆದ್ದರಿಂದ ಬೆಲೆ ಮಾತಾಡುವಾಗ ಐನೂರು ಇಳಿಸುವುದಕ್ಕಿಂತ ಒಂದು ವಾರ ಅವರ ಪಕ್ಕ ಕೂರುವ ಅವಕಾಶ ಕೇಳಿ. ಗೋಡೆಯ ಕೊಕ್ಕೆಗಳಲ್ಲಿ ನೇತಾಡುವ ಬ್ಲ್ಯಾಂಕುಗಳನ್ನು ಅವರೊಂದಿಗೇ ಕೂತು ವಿಂಗಡಿಸಿ. ಈಗ ಮಾರುಕಟ್ಟೆಯಲ್ಲೇ ಇಲ್ಲದ ಬೀಗಗಳ ಬ್ಲ್ಯಾಂಕಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಅವರ ಹಳೆಯ ಗಿರಾಕಿಗಳ ಪರಿಚಯ ಮಾಡಿಸಿಕೊಳ್ಳಿ.

ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ, ಯಾರಿಗೆ ಕೀ ಮಾಡಿಕೊಡಬಾರದು ಎಂಬುದು. ಸೋಪಿನಲ್ಲೋ ಮೇಣದಲ್ಲೋ ಅಚ್ಚೊತ್ತಿ ತಂದವರಿಗೆ, ಮೊಬೈಲಿನಲ್ಲಿ ಕೀಯ ಚಿತ್ರ ತೋರಿಸುವವರಿಗೆ, ಬೀಗವಿರುವ ಮನೆ ತಮ್ಮದೆಂದು ತೋರಿಸಲಾರದವರಿಗೆ ಇಲ್ಲ ಎನ್ನಬೇಕು. ಮನೆಗೇ ಹೋಗಿ ಬೀಗ ತೆರೆದುಕೊಟ್ಟಾಗ ಹೆಸರು, ವಿಳಾಸ, ದಿನಾಂಕ, ಗುರುತಿನ ಚೀಟಿಯ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಯಂತ್ರ ಮನೆಗೆ ಬಂದ ದಿನ ಮಾಡಬೇಕಾದ ಕೆಲಸಗಳು ಸಣ್ಣವು. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ, ಹಳೆಯ ವೈರು ಬದಲಿಸಿ. ಕಟರಿನ ಮೇಲಿನ ಮುಚ್ಚಳ ಮಾಯವಾಗಿದ್ದರೆ ಒಂದನ್ನು ಮಾಡಿಸಿ. ಕಣ್ಣಿಗೆ ಕನ್ನಡಕ ಹಾಕದೆ ಸ್ವಿಚ್ ಮುಟ್ಟಬೇಡಿ. ಸುಲಭವಾಗಿ ಕಡೆಯಲೆಂದು ಕೀ ಹಿತ್ತಾಳೆಗೆ ಸೀಸ ಬೆರೆಸುವುದುಂಟು. ಹಾಗಾಗಿ ಪುಡಿಯನ್ನು ಬಾಯಿಂದ ಊದದೆ ಬ್ರಶ್‌ನಿಂದ ಗುಡಿಸಿ ಡಬ್ಬಿಗೆ ತುಂಬಿ. ಹಿತ್ತಾಳೆ ಪುಡಿಗೆ ಗುಜರಿಯಲ್ಲಿ ಬೆಲೆಯೂ ಇದೆ. ಊಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಮಕ್ಕಳನ್ನು ಆ ಮೇಜಿನಿಂದ ದೂರವಿಡಿ.